ಹಿತ್ತಲ ಸಾಗವಾನಿ, ಬಾಡಿಗೆ ಚೈನ್‌ಸಾ

ಬಣ್ಣದ ತೊಟ್ಟಿಲಿಗೆ ಹೆಸರಾದ ಕಲಘಟಗಿಯಲ್ಲಿ ಮರಗೆಲಸ ಎಲ್ಲರಿಗೂ ಗೊತ್ತಿರುವಂತೆ ಕಾಣುತ್ತದೆ. ಹಿತ್ತಲ ಸಾಗವಾನಿ ಮಾಡಿನತ್ತ ವಾಲಿದರೆ ಯಜಮಾನರ ಕಣ್ಣು ಬಾಡಿಗೆ ಚೈನ್‌ಸಾ ಮೇಲೆ ಬೀಳುವುದು ಸಹಜ. ನನ್ನ ತಕರಾರಿಷ್ಟೆ: ಕೊಯ್ಯುವುದು ಯಂತ್ರದ ಕೆಲಸ, ಎಲ್ಲಿ ಬೀಳಬೇಕೆಂದು ಮರಕ್ಕೆ ತಿಳಿಹೇಳುವುದು ಅಲ್ಲ. ಬೀಳುವ ಕಡೆ ಮೊದಲು ಕಚ್ಚು ಹಾಕಿ, ಹಿಂದಿನಿಂದ ಕೊಯ್ಯುತ್ತ ಬಂದು, ನಡುವೆ ದಪ್ಪದ ಹತ್ತನೇ ಒಂದು ಭಾಗದಷ್ಟು ಕಟ್ಟಿಗೆ ಉಳಿಸಬೇಕು. ಬಾಗಿಲ ಬಿಜಾಗರಿಯಂತೆ ಮರವನ್ನು ತಿರುಗಿಸುವುದು ಅದೇ. ಅದನ್ನೂ ಕೊಯ್ದರೆ ಮರ ಸ್ವತಂತ್ರ. ಪಕ್ಕದ ಮನೆಯ ಹಂಚು ಅದಕ್ಕೆ ಪರಕೀಯವಲ್ಲ. ಇನ್ನು ಚೈನ್ ಓಡುವ ಪಟ್ಟಿಯ ತುದಿ ಎಲ್ಲಾದರೂ ತಾಗಿತೋ, ಯಂತ್ರ ಹಿಡಿದವನ ಮುಖಕ್ಕೇ ಚಿಮ್ಮುತ್ತದೆ.

‘ಹೊಲದ ನೀಲಗಿರಿ ಕಡಿದವನಿಗೆ ಇದ್ಯಾವ ಲೆಕ್ಕ?’ ಎನ್ನಬಹುದು. ಆ ನೀಲಗಿರಿಗೆ ಬೀಳಲು ಸುತ್ತ ಹೊಲವಿತ್ತು. ಹಿತ್ತಲಲ್ಲಿ ಗೋಡೆ, ಕರೆಂಟಿನ ತಂತಿ, ಅತ್ತೆಯ ತುಳಸಿಕಟ್ಟೆ. ಕಾನೂನಿಗೂ ಇವೆರಡು ಒಂದಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ನೀಲಗಿರಿಗೆ ವಿನಾಯಿತಿ ಉಂಟು, ಸಾಗವಾನಿಗೆ ಅರಣ್ಯ ಇಲಾಖೆಯ ಅನುಮತಿ ಬೇಕು. ‘ನನ್ನ ಹಿತ್ತಲು, ನನ್ನ ಮರ’ ಎಂಬ ವಾದ ಅರ್ಜಿಯ ಮೊದಲ ಸಾಲಿಗೆ ಚೆನ್ನ. ಮರ ಕಡಿಯಬಲ್ಲವರನ್ನು ಕರೆಸಿದರೆ ಕೂಲಿ ದುಬಾರಿ ಎಂಬ ಆಕ್ಷೇಪಕ್ಕೆ ಮಾತ್ರ ಬಲವಿದೆ. ಆದರೆ ಬಲ್ಲವರು ಹಗ್ಗ ಕಟ್ಟಿ ತುಂಡುತುಂಡಾಗಿ ಮರ ಇಳಿಸುತ್ತಾರೆ. ಕೇಳಿದರೆ ಟೊಂಗೆಗಳನ್ನು ಒಯ್ದು ಕೂಲಿಯನ್ನೂ ಇಳಿಸಿಯಾರು. ದಿಮ್ಮಿ ಸಾಗಿಸಲು ಮತ್ತೆ ಇಲಾಖೆಯ ಪಾಸ್ ಬೇಕು ಅನ್ನಿ.