ಪಾದದ್ವಯ ಮೇದಮಾನ ಮೀಮಾಂಸೆ

ಪ್ರಕರಣ 1: ಪ್ರಮೇಯ ನಿರೂಪಣೆ

ಪೂರ್ವದಲ್ಲಿ ವೈಟ್‌ಫೀಲ್ಡ್, ದಕ್ಷಿಣದಲ್ಲಿ ಎಲೆಕ್ಟ್ರಾನಿಕ್ ಸಿಟಿ, ವಾಯವ್ಯದಲ್ಲಿ ಪೀಣ್ಯ ಎಂಬ ತ್ರಿಕೋನ ಕ್ಷೇತ್ರದೊಳಗೆ ವಾಸಿಸುವ ಪುರುಷನು ಪ್ರಾತಃಕಾಲ ಗಾಜಿನ ಹಲಗೆಯೊಂದರ ಮೇಲೆ ಬರಿಗಾಲಲ್ಲಿ ನಿಂತು, ಮೊಬೈಲಿನಲ್ಲಿ ಮೂಡುವ ಶೇಕಡಾವಾರು ಅಂಕಿಯನ್ನು ಕಂಡು ಹರ್ಷ ಅಥವಾ ವಿಷಾದ ತಾಳುವ ವಿದ್ಯಮಾನವನ್ನು ಪ್ರಸ್ತುತ ಪ್ರಬಂಧವು ಬಹುಶಿಸ್ತೀಯ ನೆಲೆಯಲ್ಲಿ ಅನುಸಂಧಾನಿಸುತ್ತದೆ. ಇದಕ್ಕೆ ನಾವು ‘ಪಾದದ್ವಯಾಶ್ರಿತ ಮೇದೋದ್ವೇಗ’ ಎಂಬ ಪರಿಭಾಷೆಯನ್ನು ಠಂಕಿಸಿದ್ದೇವೆ. ಠಂಕಿಸುವ ಧೈರ್ಯ ಬಂದದ್ದು ಕಂಪನಿಯೊಂದರ ಕಾನ್ಫರೆನ್ಸ್ ಹಾಲಿನಲ್ಲಿ. ಅಲ್ಲಿ ವೆಲ್‌ನೆಸ್ ತಜ್ಞರೊಬ್ಬರು ಊಟದ ಹೊತ್ತನ್ನೂ ನುಂಗಿ, ‘ಹೋಲಿಸ್ಟಿಕ್ ಬಾಡಿ ಕಾಂಪೊಸಿಷನ್ ಜರ್ನಿ’ ಎಂಬ ಪದಪುಂಜವನ್ನು ಸ್ಲೈಡಿನಿಂದ ಸ್ಲೈಡಿಗೆ ದಾಟಿಸಿದರು. ಅವರಿಗೆ ಆ ಹಕ್ಕಿದ್ದರೆ ನಮಗೂ ಇದೆ.

ಪ್ರಕರಣ 2: ಯಂತ್ರತತ್ತ್ವ

ಪೂರ್ವಪಕ್ಷ: ಯಂತ್ರವು ಕೊಬ್ಬನ್ನು ಕಾಣುತ್ತದೆ. ಖಂಡನೆ: ಕಾಣುವುದಿಲ್ಲ. ಅದು ಒಂದು ಪಾದದಿಂದ ಸಣ್ಣ ವಿದ್ಯುತ್ತನ್ನು ಹತ್ತಿಸಿ ಇನ್ನೊಂದು ಪಾದದಿಂದ ಇಳಿಸುತ್ತದೆ. ಪ್ರಮಾಣ ಒಂದು ಮಿಲಿಆಂಪಿಯರ್‌ಗಿಂತ ಕಡಿಮೆ, ಆವರ್ತನ ಸಾಮಾನ್ಯವಾಗಿ 50 ಕಿಲೋಹರ್ಟ್ಸ್. ನೀರು ತುಂಬಿದ ಸ್ನಾಯು ವಿದ್ಯುತ್ತಿಗೆ ದಾರಿ ಬಿಡುತ್ತದೆ, ಕೊಬ್ಬು ಅಡ್ಡ ನಿಲ್ಲುತ್ತದೆ. ತೂಕ ಬಿಟ್ಟರೆ ಯಂತ್ರಕ್ಕೆ ನಿಜವಾಗಿ ಸಿಗುವ ಅಳತೆ ಈ ಅಡ್ಡಿ ಒಂದೇ. ಅದಕ್ಕೆ ನೀವೇ ತುಂಬಿದ ಎತ್ತರ, ವಯಸ್ಸು, ಲಿಂಗಗಳನ್ನು ಬೆರೆಸಿ, ಇನ್ಯಾರದೋ ಮೈಗಳನ್ನು ಅಳೆದು ಕಟ್ಟಿದ ಸೂತ್ರದಲ್ಲಿ ಅದ್ದಿ ತೆಗೆದರೆ ಕೊಬ್ಬಿನ ಶೇಕಡಾ. ಅದೇ ರಸವನ್ನು ಮತ್ತೆ ಮತ್ತೆ ಕುದಿಸಿದರೆ ಮೂಳೆಯ ತೂಕ, ನೀರಿನಂಶ, ‘ದೇಹದ ವಯಸ್ಸು’. ದಶಮಾಂಶ ಸ್ಥಾನ ಮಾತ್ರ ಎಲ್ಲದಕ್ಕೂ ಉಂಟು.

ಇಲ್ಲೊಂದು ಸೂಕ್ಷ್ಮ. ಕಾಲಿನಿಂದ ಕಾಲಿಗೆ ಹೋಗುವ ವಿದ್ಯುತ್ತು ಕಿಬ್ಬೊಟ್ಟೆಯ ಬುಡದಲ್ಲೇ ತಿರುಗಿಕೊಂಡು ಇಳಿದುಬಿಡುತ್ತದೆ. ಈ ಪ್ರಾಂತ್ಯದ ಪುರುಷನ ಕೊಬ್ಬು ಬಹುಪಾಲು ಎಲ್ಲಿ ಸಂಗ್ರಹವಾಗಿದೆಯೋ ಆ ಹೊಟ್ಟೆಯ ಕಡೆ ಅದು ಸರಿಯಾಗಿ ತಲೆಹಾಕುವುದೇ ಇಲ್ಲ. ಗೇಟಿನಲ್ಲೇ ವಿಚಾರಿಸಿ ಹಿಂದಿರುಗಿದ ಗಣತಿದಾರನ ಹಾಗೆ, ಒಳಗೆ ಎಷ್ಟು ಜನರಿದ್ದಾರೆಂದು ಅಂದಾಜಿನಲ್ಲಿ ಬರೆದುಕೊಳ್ಳುತ್ತದೆ.

ಪ್ರಕರಣ 3: ಪುರುಷ ವರ್ಗೀಕರಣ

(ಅ) ರಿಕ್ತೋದರ ಪುರುಷ. ನೀರೂ ಕುಡಿಯದೆ, ಇದ್ದಬದ್ದದ್ದನ್ನೆಲ್ಲ ವಿಸರ್ಜಿಸಿ ಯಂತ್ರವನ್ನೇರುವವನು. ಮೈ ಒಣಗಿದಷ್ಟೂ ಅಡ್ಡಿ ಹೆಚ್ಚಿ ಕೊಬ್ಬೂ ಹೆಚ್ಚು ತೋರುತ್ತದೆಂಬುದು ಈತನಿಗೆ ತಿಳಿಯದು.

(ಆ) ಕ್ರೀಡಾವೇಷಿ. ಆ್ಯಪಿನಲ್ಲಿ ‘ಅಥ್ಲೀಟ್’ ಎಂಬ ಗುಂಡಿ ಒತ್ತಿದವನು. ಒಂದು ಹೆಜ್ಜೆಯೂ ಓಡದೆ ಕೆಲವು ಶೇಕಡಾ ಅಂಕ ಕಳೆದುಕೊಂಡಿರುತ್ತಾನೆ.

(ಇ) ಸ್ಥೂಲಪಾದತಲ. ಪೀಣ್ಯ ಇವನ ನೆಲೆ. ಸೇಫ್ಟಿ ಶೂ ಹಾಕಿ ಹಾಕಿ ಅಂಗಾಲು ದಡ್ಡುಗಟ್ಟಿ, ಹಿಮ್ಮಡಿ ಒಡೆದವನು. ಒಣಗಿ ದಪ್ಪಗಾದ ಚರ್ಮವೂ ವಿದ್ಯುತ್ತನ್ನು ತಡೆಯುವುದರಿಂದ ಅದೂ ಕೊಬ್ಬಿನ ಲೆಕ್ಕಕ್ಕೇ ಹೋಗುತ್ತದೆ. ಕ್ಷೇತ್ರಕಾರ್ಯದಲ್ಲಿ ಲೇತ್ ಆಪರೇಟರ್ ಒಬ್ಬರು ಕೇಳಿದರು: “ಬೆಳಗ್ಗೆ ಇಪ್ಪತ್ತಾರು, ಸಂಜೆ ಇಪ್ಪತ್ಮೂರು ತೋರಿಸ್ತು ಸಾರ್. ನಿಂತ್ಕೊಂಡೇ ಕರಗೋಯ್ತಾ?” ಕರಗಿಲ್ಲ. ದಿನವಿಡೀ ನಿಂತು ಕಾಲಿಗೆ ನೀರಿಳಿದಿದೆ. ಕಾಲಿನಲ್ಲಿ ನೀರು ಹೆಚ್ಚಿದರೆ ಅಡ್ಡಿ ಕಡಿಮೆ, ಅಡ್ಡಿ ಕಡಿಮೆಯಾದರೆ ಕೊಬ್ಬೂ ಕಡಿಮೆ. ಊದಿಕೊಂಡ ಕಾಲಿಗೆ ಯಂತ್ರವು ‘ಉತ್ತಮ’ ಎಂದು ಹಸಿರು ದೀಪ ಬೆಳಗಿದೆ.

(ಈ)ಯಿಂದ (ಳ)ವರೆಗೆ ಇನ್ನೂ ಪ್ರಭೇದಗಳಿವೆ. ಅವೆಲ್ಲ ಇರಲಿ. ಊದಿದ ಕಾಲಿಗೆ ಹಸಿರು ದೀಪ ಎಂದು ಬರೆದ ಮೇಲೆ ವರ್ಗೀಕರಣದ ಉತ್ಸಾಹ ಉಳಿಯಲಿಲ್ಲ.

ಏಕೆಂದರೆ ಆ ಕಾಲು ಊದಿದ್ದಕ್ಕೆ ಕಾರಣ ಯಾವ ಆ್ಯಪಿನಲ್ಲೂ ದಾಖಲಾಗುವುದಿಲ್ಲ. 2023ರಲ್ಲಿ ಕರ್ನಾಟಕವು ಕಾರ್ಖಾನೆ ಕಾಯ್ದೆಯನ್ನು ತಿದ್ದಿ, ವಾರಕ್ಕೆ 48 ಗಂಟೆಯ ಮಿತಿ ಇಟ್ಟುಕೊಂಡೇ, ದಿನಕ್ಕೆ 12 ಗಂಟೆಯವರೆಗೆ ದುಡಿಸಲು ದಾರಿ ಮಾಡಿತು. ಅತ್ತ ವೈಟ್‌ಫೀಲ್ಡಿನಲ್ಲಿ, ನ್ಯೂಯಾರ್ಕಿಗೆ ಮಧ್ಯಾಹ್ನವಾಯಿತೆಂದು ರಾತ್ರಿ ಹತ್ತೂವರೆಗೆ ಕಾಲ್. ಹನ್ನೊಂದೂವರೆಗೆ ಮೊಬೈಲ್ ನೋಡುತ್ತ ತಣ್ಣನೆಯ ಅನ್ನ. ಬೆಳಿಗ್ಗೆ ಅದೇ ಕಂಪನಿಯ ವೆಲ್‌ನೆಸ್ ಆ್ಯಪ್ ಕೇಳುತ್ತದೆ: ಎಂಟು ಗಂಟೆ ನಿದ್ದೆ ಮಾಡಿದಿರಾ? ತಿಂಗಳ ಕೊನೆಗೆ ಟೀಮಿನವರ ಕೊಬ್ಬಿನ ಶೇಕಡಾವನ್ನು ಪಟ್ಟಿ ಮಾಡಿ, ಕಡಿಮೆ ಮಾಡಿಕೊಂಡವರಿಗೆ ಗಿಫ್ಟ್ ವೋಚರ್. ನಾಚಿಕೆಯಾಗಬೇಕು. ಆ ಹೊಟ್ಟೆ ಬೆಳೆಸಿದ ಪಾಲುದಾರರು ನೀವು. ತೀರ್ಪುಗಾರರ ಕುರ್ಚಿಯಲ್ಲಿ ಹೇಗೆ ಕೂತಿರಿ?

ತಮಾಷೆ ಸಾಕು, ವಿಷಯ ಗಂಭೀರವೇ. 2004ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಅಚ್ಚಾಯಿತು: ಪುಣೆಯ ಚಿತ್ತರಂಜನ್ ಯಾಜ್ಞಿಕ್, ಲಂಡನ್ನಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐಯೂ 22.3. ಆದರೆ ಡೆಕ್ಸಾ ಸ್ಕ್ಯಾನಿನಲ್ಲಿ ಯುಡ್ಕಿನ್ ಮೈಯಲ್ಲಿ ಶೇ 9.1 ಕೊಬ್ಬು, ಯಾಜ್ಞಿಕ್ ಮೈಯಲ್ಲಿ ಶೇ 21.2. ತೆಳ್ಳಗೆ ಕಾಣುವ ನಮ್ಮ ಗಂಡಸರ ಒಳಗೆ ಕೊಬ್ಬು ಅಡಗಿ ಕೂರುವುದು ಹೀಗೆ. 2025ರಲ್ಲಿ ಪ್ರಕಟವಾದ ಹೈದರಾಬಾದಿನ ಅಧ್ಯಯನವೊಂದು 345 ಐಟಿ ನೌಕರರನ್ನು ಪರೀಕ್ಷಿಸಿತು. ಅವರಲ್ಲಿ ಶೇ 84 ಮಂದಿಯ ಯಕೃತ್ತಿನಲ್ಲಿ ಕೊಬ್ಬು ಕೂಡಿತ್ತು. ನಮ್ಮ ಟೆಕ್ ಪಾರ್ಕುಗಳ ಕಥೆ ಬೇರೆಯಿದ್ದೀತೆಂದು ನನಗಂತೂ ಅನ್ನಿಸುವುದಿಲ್ಲ. ಮೂವತ್ತೈದಕ್ಕೇ ಶುಗರ್ ಮಾತ್ರೆ ಹಿಡಿದ ಹುಡುಗರು ಯಾವ ಕ್ಯಾಬಿನಲ್ಲಿ ಕೂತರೂ ಸಿಗುತ್ತಾರೆ. ಊರಲ್ಲಿ ಅವರಪ್ಪನಿಗೆ ಅರವತ್ತಾದರೂ ಆ ಮಾತ್ರೆಯ ಹೆಸರು ಗೊತ್ತಿರಲಿಲ್ಲ.

ಆದ್ದರಿಂದ, ಓದುಗರೇ, ಮನೆಯಲ್ಲಿ ಯಂತ್ರ ಇದ್ದರೆ ಇರಲಿ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಮಾತ್ರ ಅದನ್ನು ಹತ್ತಬೇಡಿ. ಉಳಿದವರು ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ, ಒಂದೇ ಸ್ಥಿತಿಯಲ್ಲಿ ನಿಂತು ತಿಂಗಳುಗಳ ಏರಿಳಿತ ನೋಡಿ. ಇವತ್ತಿನ ಅಂಕಿಗೆ ಮರುಳಾಗಬೇಡಿ. ಜೊತೆಗೆ ಟೈಲರ್ ಟೇಪೊಂದನ್ನು ತನ್ನಿ. ಕೆಳಗಿನ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಸುತ್ತಿ. ಭಾರತೀಯ ಗಂಡಸಿಗೆ ಗೆರೆ 90 ಸೆಂಟಿಮೀಟರ್. ದಾಟಿದ್ದರೆ ಹತ್ತಿರದ ಸರ್ಕಾರಿ ‘ನಮ್ಮ ಕ್ಲಿನಿಕ್’ನಲ್ಲಿ ಬಿಪಿ, ಶುಗರ್ ನೋಡಿಸಿ, ದುಡ್ಡು ಕೇಳುವುದಿಲ್ಲ.

ಎಚ್‌ಆರ್‌ನವರಲ್ಲಿ ಒಂದೇ ಕೋರಿಕೆ: ರಾತ್ರಿ ಒಂಬತ್ತರ ನಂತರದ ಕಾಲ್‌ಗಳನ್ನು ಮೊದಲು ತೆಗೆಯಿರಿ, ಕೊಬ್ಬು ಇಳಿಸುವ ಸ್ಪರ್ಧೆ ಆಮೇಲೆ ಇಟ್ಟುಕೊಳ್ಳಿ.