ಸಮಾಧಾನಕರ ಬಹುಮಾನ

ನಮ್ಮ ಬೀದಿಯ ಗಣೇಶೋತ್ಸವದ ಲಕ್ಕಿ ಡಿಪ್‌ನಲ್ಲಿ ಮೊದಲ ಬಹುಮಾನ ಫ್ರಿಜ್ಜು, ಎರಡನೆಯದು ಮಿಕ್ಸಿ, ಮೂರನೆಯದು ಕುಕ್ಕರು. ಹನ್ನೊಂದು ವರ್ಷದಿಂದ ತಪ್ಪದೆ ಟಿಕೆಟ್ ಕೊಳ್ಳುತ್ತಿದ್ದೇನೆ. ಇದುವರೆಗೆ ಬಂದದ್ದು ಸಮಾಧಾನಕರ ಬಹುಮಾನವಾಗಿ ಒಂದು ಪ್ಲಾಸ್ಟಿಕ್ ಮಗ್ಗು. ಅದರ ಜೋಡಿ ಬಕೆಟ್ಟು ಪಕ್ಕದ ಮನೆಯವರಿಗೆ ಹೋಯಿತು. ಸ್ನಾನಕ್ಕೆ ಕೂತಾಗಲೆಲ್ಲ ಅವರ ನೆನಪಾಗುತ್ತದೆ.

ಮೈಕ್ ಹಿಡಿದ ಹುಡುಗ ನಂಬರನ್ನು ಒಂದೇ ಉಸಿರಿಗೆ ಓದಿಬಿಟ್ಟರೆ ಇಷ್ಟು ಸಂಕಟವಿಲ್ಲ. ‘ಎರಡೂ...’ ಎಂದು ರಾಗ ಎಳೆಯುತ್ತಾನೆ. ನನ್ನದೂ ಎರಡು. ‘ಸೊನ್ನೇ...’ ನನ್ನದೂ ಸೊನ್ನೆ. ‘ಏಳೂ...’ ಎನ್ನುವಷ್ಟರಲ್ಲಿ ಫ್ರಿಜ್ಜು ಅಡುಗೆಮನೆಯ ಯಾವ ಮೂಲೆಗೆ ಎಂಬುದು ತೀರ್ಮಾನವಾಗಿ, ಅಲ್ಲಿದ್ದ ಅಕ್ಕಿ ಡಬ್ಬ ಎಲ್ಲಿಗೆ ಎಂಬುದರ ಬಗ್ಗೆ ಹೆಂಡತಿಯೊಡನೆ ಸಣ್ಣ ಜಗಳವೂ ಆಗಿ ಮುಗಿದಿರುತ್ತದೆ. ‘ಮೂರು!’ ನನ್ನದು ನಾಲ್ಕು. ಮನೆಯಲ್ಲಿದ್ದ ಫ್ರಿಜ್ಜು ಕೆಟ್ಟು ನಿಂತಾಗಲೂ ಅಷ್ಟು ಹೊಟ್ಟೆ ಉರಿದಿರಲಿಲ್ಲ.

ಈ ಉರಿಯನ್ನು ಅರ್ಥ ಮಾಡಿಕೊಂಡದ್ದು ಕೇರಳ ಸರ್ಕಾರ. 1967ರಲ್ಲೇ ಸರ್ಕಾರಿ ಲಾಟರಿ ಶುರು ಮಾಡಿದವರು ಅವರು. ಒಂದೇ ನಂಬರು ಬೇರೆ ಬೇರೆ ಸರಣಿಗಳಲ್ಲಿ ಅಚ್ಚಾಗುತ್ತದೆ. ಮೊದಲ ಬಹುಮಾನ ಒಂದು ಸರಣಿಗೆ ಬಿದ್ದರೆ, ಉಳಿದ ಸರಣಿಗಳಲ್ಲಿ ಅದೇ ನಂಬರು ಹಿಡಿದು ಕೂತವರಿಗೂ ಕೆಲವು ಸಾವಿರ ರೂಪಾಯಿ ಸಮಾಧಾನ ಬಹುಮಾನ. ಕೂದಲೆಳೆಯಲ್ಲಿ ಲಕ್ಷಗಳು ತಪ್ಪಿದವನು ಆ ಸಾವಿರಗಳನ್ನು ಎಣಿಸಿಕೊಂಡು ಸಮಾಧಾನದಿಂದ ನಿದ್ದೆ ಹೋಗುತ್ತಾನೆಂದು ನಂಬಿದ ಪುಣ್ಯಾತ್ಮ ಯಾರೋ!

ನಮ್ಮಲ್ಲಿ 2007ರಲ್ಲಿ ಲಾಟರಿಯನ್ನು ನಿಷೇಧಿಸಿದರು. ಅಲ್ಲಿಯವರೆಗೆ ಮಂಗಳೂರಿನಲ್ಲೇ ಟಿಕೆಟ್ ಕೊಳ್ಳುತ್ತಿದ್ದ ನಮ್ಮ ಸೋದರಮಾವ ಆಮೇಲೆ ಕೇರಳ ಗಡಿಯ ತಲಪಾಡಿ ದಾಟತೊಡಗಿದರು. ಕೇಳಿದರೆ, ‘ಆಚೆ ಬಾಳೆಕಾಯಿ ಚಿಪ್ಸ್ ಲಾಯ್ಕಿರ್ತದೆ ಮಾರಾಯ’ ಎನ್ನುತ್ತಿದ್ದರು. ಚಿಪ್ಸ್ ಪೊಟ್ಟಣ ಒಂದು ಸಲವೂ ಮನೆ ತಲುಪಿದ್ದಿಲ್ಲ.

ಅಮ್ಮನಿಗೆ ತಮ್ಮನ ಈ ಚಾಳಿ ಕಂಡರಾಗದು. ಧರ್ಮರಾಯನಿಂದ ಹಿಡಿದು ಪಾಠ ಹೇಳುತ್ತಾಳೆ. ಆದರೆ ಮನೆಗೆ ಯಾವ ಬಣ್ಣ, ತಂಗಿಗೆ ಯಾವ ಗಂಡು ಎಂಬುದಕ್ಕೆಲ್ಲ ದೇವರ ಮುಂದೆ ಚೀಟಿ ಹಾಕುವವಳು ಅವಳೇ. ಒಂದು ಕಾಗದದಲ್ಲಿ ಕೆಂಪು ಕೇಪುಳ, ಇನ್ನೊಂದರಲ್ಲಿ ಬಿಳಿ ನಂದಿಬಟ್ಟಲು. ಕೆಂಪು ಬಂದರೆ ಹೌದು, ಬಿಳಿ ಬಂದರೆ ಬೇಡ. ಬೇಡವಾದದ್ದು ಬಂದರೆ, ‘ಮಡಿಕೆ ಎರಡೂ ಒಂದೇ ಥರ ಇರಲಿಲ್ಲ’ ಎಂದು ಮತ್ತೊಮ್ಮೆ. ಆಗಲೂ ಅದೇ ಬಂದರೆ, ‘ದೇವರಿಗೆ ಪ್ರಶ್ನೆ ಸರಿಯಾಗಿ ಕೇಳಿಸಲಿಲ್ಲ.’

ನಗುವ ವಿಷಯವಲ್ಲ. ಚುನಾವಣೆಯಲ್ಲಿ ಸಮ ಮತ ಬಿದ್ದರೆ ಚೀಟಿ ಎತ್ತಿಯೇ ಗೆದ್ದವರನ್ನು ತೀರ್ಮಾನಿಸಬೇಕೆಂದು 1951ರ ಪ್ರಜಾಪ್ರತಿನಿಧಿ ಕಾಯ್ದೆಯೇ ಹೇಳುತ್ತದೆ. ಆದರೆ ಮಡಿಕೆ ಸರಿಯಿಲ್ಲವೆಂದು ಇನ್ನೊಮ್ಮೆ ಎತ್ತಿಸುವ ಅಧಿಕಾರ ಚುನಾವಣಾಧಿಕಾರಿಗಿಲ್ಲ. ಅಮ್ಮನಿಗಿದೆ.

ಮೊನ್ನೆ ಅಪ್ಪನ ಹಳೆಯ ಸ್ಕೂಟರಿನ ಪ್ರಶ್ನೆ ಬಂತು. ಅಪ್ಪ ಹೋಗಿ ಆರು ವರ್ಷ. ಅಂದಿನಿಂದ ಅದು ಅಂಗಳದಲ್ಲೇ ಇದೆ, ಸೀಟಿನೊಳಗೆ ಇಲಿಯ ಸಂಸಾರ. ಮಾರೋಣವೆಂದೆ. ಅಮ್ಮ ಏನೂ ಹೇಳದೆ ಎರಡು ಕಾಗದ ಮಡಚಿ ದೇವರ ಮುಂದಿಟ್ಟು, ನನ್ನ ನಾಲ್ಕು ವರ್ಷದ ಮಗಳನ್ನು ಕರೆದಳು. ಮಗಳು ಒಂದನ್ನು ಎತ್ತಿದಳು. ಬಿಚ್ಚಲು ಕೊಡಲಿಲ್ಲ. ‘ಇದು ನಂದು’ ಎಂದು ಮುಷ್ಟಿ ಬಿಗಿದು ಹಾಗೇ ಮಲಗಿಬಿಟ್ಟಳು. ಉಳಿದದ್ದನ್ನು ಬಿಚ್ಚಿದರೆ ಗೊತ್ತಾಗುತ್ತಿತ್ತು ನಿಜ. ಆದರೆ ಅಮ್ಮ ಆಗಲೇ ಅದನ್ನು ದೀಪದ ಬತ್ತಿಗೆ ಹಿಡಿದಾಗಿತ್ತು.

ಬೆಳಿಗ್ಗೆ ನೋಡಿದರೆ ಅಂಗೈ ಖಾಲಿ. ತುಟಿಗೆ ಸ್ವಲ್ಪ ಕೆಂಪು.

‘ನೋಡು, ಕೇಪುಳ ತಿಂದಿದ್ದಾಳೆ’ ಎಂದೆ.

‘ನನ್ನ ಎಲೆಯಡಿಕೆ ಕದ್ದು ತಿಂದಿರ್ತಾಳೆ’ ಎಂದು ಅಮ್ಮ ಕ್ಯಾಲೆಂಡರಿನ ಹಳೆಯ ಹಾಳೆಯಿಂದ ಇನ್ನೆರಡು ಚೂರು ಹರಿದಳು.