ಕಪಿಲೆಗೆ ಫುಲ್ ರೇಂಜ್!

ನಂಜನಗೂಡಿನಲ್ಲಿ ಈಗ ಹೊಳೆಗಿಂತ ಜೋರಾಗಿ ಹರಿಯುವುದು ಡಾಟಾ. 2014ರ ಫೆಬ್ರುವರಿಯಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಅಪ್ಪಣೆ ಹೊರಡಿಸಿತು: ಔಷಧಿ, ಸಕ್ಕರೆ, ಡಿಸ್ಟಿಲರಿ ಸೇರಿದಂತೆ 17 ಬಗೆಯ ಕಾರ್ಖಾನೆಗಳು ಕೊಳಚೆ ನೀರು ಹೊರಬೀಳುವ ಕಡೆ ಮೀಟರ್ ಕೂರಿಸಿ, ಸರ್ಕಾರದ ಸರ್ವರ್‌ಗೆ ಜೋಡಿಸಬೇಕು. ಕಾರ್ಖಾನೆ ಉಗುಳಿದ್ದೇನು ಎಂಬುದು 15 ನಿಮಿಷಕ್ಕೊಮ್ಮೆ ದಿಲ್ಲಿಗೆ ಗೊತ್ತು. ಸುತ್ತೂರಿನ ಹೊಳೆಯಲ್ಲಿ ಎಮ್ಮೆ ಮೈತೊಳೆಯುವವನಿಗೆ ಗೊತ್ತಿಲ್ಲ. ಪಾಪ, ಅವನು ಲಾಗಿನ್ ಆಗಿಲ್ಲ. ಒಂದು ಹನಿಯನ್ನೂ ಹೊರಬಿಡೆವು ಎಂದು ಬರೆದುಕೊಟ್ಟವರಿಗೆ ಕ್ಯಾಮೆರಾ. ಒಣ ಪೈಪನ್ನು ದಿನವಿಡೀ ನೋಡುತ್ತ ಕೂರುವುದು ಅದರ ಕೆಲಸ. ನೌಕರಿ ಅಂದರೆ ಅದು!

ಬಿಒಡಿ ಕಥೆ ಕೇಳಿ. ನೀರಿನ ಕೊಳೆ ತಿಂದು ಮುಗಿಸಲು ಸೂಕ್ಷ್ಮಜೀವಿಗಳಿಗೆ ಎಷ್ಟು ಆಮ್ಲಜನಕ ಬೇಕೆಂಬ ಲೆಕ್ಕ ಅದು. ಲ್ಯಾಬಿನಲ್ಲಿ ಬಾಟಲಿಯನ್ನು 27 ಡಿಗ್ರಿಯಲ್ಲಿ 3 ದಿನ ಇಟ್ಟು ಕಾಯಬೇಕು. ಮೀಟರಿಗೆ ಅಷ್ಟು ಪುರುಸೊತ್ತೆಲ್ಲಿ? ಸಾಮಾನ್ಯವಾಗಿ ಅದು ನೀರಿಗೆ ಅತಿನೇರಳೆ ಬೆಳಕು ಹಾಯಿಸಿ, ಹೀರಿಕೊಂಡದ್ದೆಷ್ಟು ನೋಡಿ, ‘ಇಷ್ಟಿರಬಹುದು’ ಅನ್ನುತ್ತದೆ. ಮುಚ್ಚಳ ತೆಗೆಯದೆಯೇ ಸಾರಿಗೆ ಉಪ್ಪು ಸಾಲದು ಅನ್ನುವ ಅತ್ತೆಯ ಹಾಗೆ. ಲ್ಯಾಬಿನ ಲೆಕ್ಕದ ಜೊತೆ ಆಗಾಗ ತಾಳೆ ನೋಡಿದರೆ ನಂಬಬಹುದು. ನೋಡುವವರಾರು? ಮೀಟರ್ ಕೊಂಡದ್ದು ಕಾರ್ಖಾನೆ, ಒರೆಸುವುದು ಕಾರ್ಖಾನೆ, ರಿಪೇರಿಗೆ ದುಡ್ಡು ಕೊಡುವುದೂ ಕಾರ್ಖಾನೆ. ಸೆನ್ಸರನ್ನು ಕ್ಯಾನ್ ನೀರಿನ ಬಕೆಟ್ಟಿನಲ್ಲಿ ಅದ್ದಿಟ್ಟರೂ ಗ್ರಾಫು ತಕರಾರು ಮಾಡದು. ನಮ್ಮೂರಲ್ಲಿ ಹಾಗಾಗಿದೆ ಅಂತ ನಾನು ಹೇಳುತ್ತಿಲ್ಲ. ಸರ್ವರ್ ಕೂಡ ಹೇಳುವುದಿಲ್ಲ.

ಇಷ್ಟೆಲ್ಲ ಜಾಲ ಹೆಣೆದ ಮೇಲೂ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಮಾತ್ರ ನುಸುಳಿಕೊಂಡಿದೆ. ಅದನ್ನು ಲ್ಯಾಬಿನಲ್ಲಿ ಒಂದೆರಡು ದಿನ ಬೆಳೆಸಿಯೇ ಎಣಿಸಬೇಕು. ಅದು ಬರುವುದು ಮನೆಮನೆಯ ಕೊಳಚೆಯಿಂದ. ಕಾರ್ಖಾನೆಯ ಪೈಪಿಗಾದರೆ ಐಪಿ ವಿಳಾಸ ಉಂಟು, ಊರ ಚರಂಡಿಗೆ ಬರೀ ವಾರ್ಡ್ ನಂಬರು. ಮುಡಿ ಕೊಟ್ಟು, ಮುಳುಗೆದ್ದು, ಉಟ್ಟ ಬಟ್ಟೆಯನ್ನು ಕಪಿಲೆಗೇ ಬಿಟ್ಟು ಬರುವ ಭಕ್ತರನ್ನಂತೂ ಯಾವ ಸೆನ್ಸರೂ ತಡೆದು ಕೇಳದು. 2018ರಲ್ಲಿ ಅದೇ ಕೇಂದ್ರ ಮಂಡಳಿ ಮಲಿನ ನದಿಗಳ ಪಟ್ಟಿ ಹೊರಡಿಸಿದಾಗ ಅದರಲ್ಲಿದ್ದ ಕರ್ನಾಟಕದ 17 ನದಿಗಳ ಪೈಕಿ ನಮ್ಮ ಕಬಿನಿ, ಅಂದರೆ ಇದೇ ಕಪಿಲೆಯೂ ಇತ್ತು.

ಇದೇ ನೀರು ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತದೆ. ಕುಂಭಮೇಳದಲ್ಲಿ ಲಕ್ಷಗಟ್ಟಲೆ ಜನ ಮುಳುಗುವುದು ಅಲ್ಲೇ. ಮಂಡಳಿಯವರಲ್ಲಿ ಅರಿಕೆ: ಮುಂದಿನ ಮೇಳದೊಳಗೆ ಗುಂಜಾ ನರಸಿಂಹಸ್ವಾಮಿ ದೇವಸ್ಥಾನದ ಹತ್ತಿರ, ಸ್ನಾನಘಟ್ಟದ ಮೆಟ್ಟಿಲ ಪಕ್ಕ, ಒಂದು ಕರಿಹಲಗೆ ಹಾಕಿಸಿ. ಆ ವಾರದ ಕೋಲಿಫಾರ್ಮ್ ಎಷ್ಟೆಂದು ಸೀಮೆಸುಣ್ಣದಲ್ಲಿ, ಕನ್ನಡದಲ್ಲಿ ಬರೆಯಿರಿ. ಅದಕ್ಕೆ ನೆಟ್‌ವರ್ಕ್ ಬೇಕಿಲ್ಲ.